ನಿಧಾನ ಎಂದು ಬರೆದಿದ್ದ ಚೀಟಿ

ಫ್ಯಾರಡೆ ಹೆಸರು ಕೇಳದೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಯಾರೂ ಬಂದಿರಲ್ಲ. ಪಿಯುಸಿಯಲ್ಲಿ ಫ್ಯಾರಡೆ ನಿಯಮ, ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಮತ್ತೆ ಅದೇ ನಿಯಮ, ಕೆಪಾಸಿಟರ್ ಲೆಕ್ಕ ಬಂದರೆ ಮೈಕ್ರೋಫ್ಯಾರಡ್, ಕೆಮಿಸ್ಟ್ರಿಯಲ್ಲಿ ಫ್ಯಾರಡೆ ಸ್ಥಿರಾಂಕ. ನಿಯಮ ಬರೆದರೆ ಒಂದೆರಡು ಮಾರ್ಕು, ಉಳಿದದ್ದೆಲ್ಲ ಡೆರಿವೇಷನ್‌ಗೆ. ತಮಾಷೆ ಏನಂದ್ರೆ ಆ ಡೆರಿವೇಷನ್ ಸ್ವತಃ ಫ್ಯಾರಡೆಯವರಿಗೇ ಬರ್ತಿರಲಿಲ್ಲ. ಅವರಿಗೆ ಕ್ಯಾಲ್ಕುಲಸ್ ಗೊತ್ತಿರಲಿಲ್ಲ, ಕೊನೆಯವರೆಗೂ ಕಲಿಯಲೂ ಇಲ್ಲ. ನಮ್ಮ ಇಂಟರ್ನಲ್ಸ್‌ಗೆ ಕೂರಿಸಿದ್ದರೆ ಪಾಸ್ ಆಗೋದೂ ಕಷ್ಟ ಇತ್ತು.

ಈ ಮನುಷ್ಯ ಮುಂದೆ ಬಂದಿದ್ದು ಹೇಗೆ ಅಂತ ನಾವು ಓದುತ್ತಾ ಹೋದಾಗ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವರ ಜಾಣತನ ಅಲ್ಲ. ತಪ್ಪು ಹೇಳಿಸಿಕೊಳ್ಳೋಕೆ ಅವರು ಮಾಡಿಕೊಂಡಿದ್ದ ವ್ಯವಸ್ಥೆ. ಹೌದು, ವ್ಯವಸ್ಥೆ ಅಂತಲೇ ಹೇಳಬೇಕು. ಯಾರಾದರೂ ಬೈದರೆ ಸಹಿಸಿಕೊಳ್ಳುವುದು ಬೇರೆ, ಬಾ ಮಾರಾಯ, ಮುಂದಿನ ಸಾಲಲ್ಲಿ ಕೂತು ನನ್ನ ತಪ್ಪೆಲ್ಲ ಪಟ್ಟಿ ಮಾಡು ಅಂತ ಗೆಳೆಯನನ್ನು ಕರೆದು ಕೂರಿಸುವುದು ಬೇರೆ.

ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ಅಪ್ಪ ಜೇಮ್ಸ್ ಕಮ್ಮಾರ, ಮೈಯಲ್ಲಿ ಹುಷಾರಿಲ್ಲದೆ ಎಷ್ಟೋ ದಿನ ಕೆಲಸಕ್ಕೆ ಹೋಗಲಾಗುತ್ತಿರಲಿಲ್ಲ. ನಾಲ್ಕು ಮಕ್ಕಳಲ್ಲಿ ಮೈಕೆಲ್ ಮೂರನೆಯವನು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಈ ಹುಡುಗನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ಡು. ಅದನ್ನೇ ಏಳು ದಿನ ಉಳಿಸಿಕೊಂಡು ತಿನ್ನಬೇಕು. ಶಾಲೆ ಅಂದರೆ ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟಕ್ಕೇ ಮುಗೀತು. ಚಿಕ್ಕಂದಿನಲ್ಲಿ ಅವನಿಗೆ ರಕಾರ ಸರಿಯಾಗಿ ಹೊರಳುತ್ತಿರಲಿಲ್ಲವಂತೆ. ಅಣ್ಣ ರಾಬರ್ಟ್‌ನ ಹೆಸರನ್ನೇ ತಪ್ಪಾಗಿ ಹೇಳುತ್ತಿದ್ದ. ಟೀಚರಮ್ಮನಿಗೆ ಸಿಟ್ಟು ಬಂದು, ಇವನಿಗೆ ಬಾರಿಸೋಕೆ ಬೆತ್ತ ತಗೊಂಡು ಬಾ ಅಂತ ಆ ಅಣ್ಣನನ್ನೇ ಅಂಗಡಿಗೆ ಕಳಿಸಿದರಂತೆ. ಅಣ್ಣ ಕಾಸನ್ನು ಎಸೆದು ಮನೆಗೆ ಹೋಗಿ ಅಮ್ಮನಿಗೆ ಹೇಳಿದ, ಅಮ್ಮ ಇಬ್ಬರನ್ನೂ ಆ ಶಾಲೆಯಿಂದ ಬಿಡಿಸಿದಳು ಅಂತ ಒಂದು ಕತೆ ಇದೆ. ಕತೆ ಎಷ್ಟು ನಿಜವೋ, ಆದರೆ ಉಚ್ಚಾರಣೆ ತಿದ್ದೋಕೆ ಬೆತ್ತ ಬೇಕು ಅನ್ನುವ ಟೀಚರಿಂದ ಶುರುವಾದ ಈ ಹುಡುಗ ಮುಂದೆ ಅದೇ ಉಚ್ಚಾರಣೆಯನ್ನು ಎಷ್ಟು ಜನರ ಕೈಲಿ ತಿದ್ದಿಸಿಕೊಂಡ ಅನ್ನೋದನ್ನು ನೋಡಿ.

ಹದಿಮೂರಕ್ಕೆ ಕೆಲಸ. ಬ್ಲಾಂಡ್‌ಫರ್ಡ್ ಬೀದಿಯಲ್ಲಿ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಪೇಪರ್ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ, 1805ರಲ್ಲಿ, ಬೈಂಡಿಂಗ್ ಕಲಿಯೋಕೆ ಏಳು ವರ್ಷದ ಅಪ್ರೆಂಟಿಸ್. ಬೈಂಡ್ ಮಾಡೋಕೆ ಬಂದ ಪುಸ್ತಕಗಳನ್ನು ಓದೋಕೆ ರೀಬೋ ಅಡ್ಡಿ ಮಾಡುತ್ತಿರಲಿಲ್ಲ. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ, ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಮಾತುಕತೆಯ ರೂಪದಲ್ಲಿ ಬರೆದ ಪುಸ್ತಕ, ಎರಡೂ ಹೀಗೆ ಕೈಗೆ ಸಿಕ್ಕವು. ಓದಿದ್ದನ್ನು ನಂಬಿ ಬಿಡುವ ಜಾತಿ ಅಲ್ಲ ಅವನು, ಮಾಡಿ ನೋಡಬೇಕು. ತಾಮ್ರದ ಅರ್ಧ ಪೆನ್ನಿ ನಾಣ್ಯ, ಅಷ್ಟೇ ದೊಡ್ಡದಾಗಿ ಕತ್ತರಿಸಿದ ಸತುವಿನ ಬಿಲ್ಲೆ, ನಡುವೆ ಉಪ್ಪುನೀರಲ್ಲಿ ನೆನೆಸಿದ ಕಾಗದ. ಒಂದರ ಮೇಲೊಂದು ಪೇರಿಸಿದರೆ ಬ್ಯಾಟರಿ ಆಯ್ತು. ಆ ಅಂಗಡಿಯ ಮೇಲೆ ಮಸ್ಕ್ವೆರಿಯೇ ಎಂಬ ಫ್ರೆಂಚ್ ಚಿತ್ರಕಾರ ಬಾಡಿಗೆಗಿದ್ದರು. ಅವರ ಕೋಣೆ ಗುಡಿಸಿ, ಬೂಟು ಒರೆಸಿಕೊಟ್ಟು, ಬದಲಿಗೆ ಚಿತ್ರ ಬಿಡಿಸೋದನ್ನು ಕಲಿತ. ಉಪಕರಣಗಳ ಚಿತ್ರ ನೀಟಾಗಿ ಬರೆಯೋಕೆ ಅದು ಬೇಕಿತ್ತು.

1810ರಲ್ಲಿ ಟೇಟಮ್ ಎಂಬ ಬೆಳ್ಳಿ ಕೆಲಸದವರ ಮನೆಯಲ್ಲಿ ವಿಜ್ಞಾನದ ಸಂಜೆ ಉಪನ್ಯಾಸಗಳು ನಡೀತಿದ್ದವು, ಒಂದಕ್ಕೆ ಒಂದು ಷಿಲಿಂಗ್. ಕಮ್ಮಾರನಾಗಿ ದುಡಿಯುತ್ತಿದ್ದ ಅಣ್ಣ ರಾಬರ್ಟ್ ಆ ದುಡ್ಡು ಕೊಟ್ಟ. (ಈ ಅಣ್ಣನ ಬಗ್ಗೆ ಪಠ್ಯಪುಸ್ತಕಗಳು ಒಂದು ಸಾಲೂ ಬರೆಯಲ್ಲ, ಅದು ನಮಗೆ ಬೇಜಾರು.) ಅಲ್ಲಿಗೆ ಬರುತ್ತಿದ್ದವರು ಗುಮಾಸ್ತರು, ಕುಶಲಕರ್ಮಿಗಳು, ಹಗಲೆಲ್ಲ ದುಡಿದು ಸಂಜೆ ಕಲಿಯುವ ಹುಡುಗರು. ತಮ್ಮ ಗುಂಪಿಗೆ ಸಿಟಿ ಫಿಲಾಸಫಿಕಲ್ ಸೊಸೈಟಿ ಅಂತ ಹೆಸರಿಟ್ಟುಕೊಂಡಿದ್ದರು. ಒಂದು ರೀತಿ ನಮ್ಮ ಕಾಲೇಜು ಕ್ಲಬ್ಬುಗಳ ಥರ, ಆದರೆ ಆಕ್ಟಿವಿಟಿ ಪಾಯಿಂಟ್ಸ್ ಇರಲಿಲ್ಲ. ಬೆಂಜಮಿನ್ ಆಬಟ್, ಎಡ್ವರ್ಡ್ ಮಗ್ರಾತ್ ಎಂಬ ಗೆಳೆಯರು ಫ್ಯಾರಡೆಗೆ ಸಿಕ್ಕಿದ್ದು ಅಲ್ಲಿ.

ಆಬಟ್‌ಗೆ ಇವನಿಗಿಂತ ಒಳ್ಳೆ ಶಿಕ್ಷಣ ಸಿಕ್ಕಿತ್ತು. ತನ್ನ ವ್ಯಾಕರಣ, ಕಾಗುಣಿತ, ಚಿಹ್ನೆ ಎಲ್ಲ ಅಧ್ವಾನ ಅಂತ ಫ್ಯಾರಡೆಗೆ ಗೊತ್ತಿತ್ತು. 1812ರ ಜುಲೈನಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡು ಪತ್ರ ಬರೆಯೋಕೆ ಶುರು ಮಾಡಿದರು. ಇಬ್ಬರೂ ಲಂಡನ್ನಿನಲ್ಲೇ ಇದ್ದರು ಅನ್ನೋದನ್ನು ಗಮನಿಸಿ. ಸುದ್ದಿ ಹೇಳೋಕೆ ಪತ್ರ ಬೇಕಿರಲಿಲ್ಲ. ಮನಸ್ಸಲ್ಲಿರೋದನ್ನು ತಿಳಿಯಾಗಿ ಬರೆಯೋದು ಅಭ್ಯಾಸ ಆಗಲಿ, ತಪ್ಪಾದರೆ ಇನ್ನೊಬ್ಬ ಹೇಳಲಿ ಅಂತ ಬರೆದದ್ದು. ಬೈಂಡಿಂಗ್ ಅಂಗಡಿಯ ಹುಡುಗ, ಇಪ್ಪತ್ತು ವರ್ಷ, ಮುಂದೆ ಏನು ಅಂತ ಗೊತ್ತಿಲ್ಲ. ನಮಗಿಂತ ಒಂದೇ ವರ್ಷ ದೊಡ್ಡವನು.

ಅದೇ ವರ್ಷ ಅಂಗಡಿಯ ಗಿರಾಕಿಯೊಬ್ಬರು, ವಿಲಿಯಂ ಡಾನ್ಸ್, ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳಿಗೆ ಟಿಕೆಟ್ ಕೊಡಿಸಿದರು. ಡೇವಿ ಅಂದರೆ ಆ ಕಾಲದ ಸ್ಟಾರ್. ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದವರು, ಅವರ ಭಾಷಣದ ದಿನ ಹೊರಗೆ ಸಾರೋಟುಗಳು ಜಾಮ್ ಆಗುತ್ತಿದ್ದವು. ಫ್ಯಾರಡೆ ಗ್ಯಾಲರಿಯಲ್ಲಿ, ಗಡಿಯಾರದ ಮೇಲಿನ ಸೀಟಲ್ಲಿ ಕೂತು ನೋಟ್ಸ್ ತೆಗೆದ. ಮನೆಯಲ್ಲಿ ಅದನ್ನು ಅಚ್ಚುಕಟ್ಟಾಗಿ ಮತ್ತೆ ಬರೆದು, ಚಿತ್ರ ಹಾಕಿ, ಸುಮಾರು 300 ಪುಟದ ಪುಸ್ತಕ ಮಾಡಿ, ತಾನೇ ಬೈಂಡ್ ಮಾಡಿ, ಡಿಸೆಂಬರಲ್ಲಿ ಡೇವಿಗೆ ಕಳಿಸಿದ. ತನಗೆ ಗೊತ್ತಿದ್ದ ಮೂರು ಕೆಲಸ, ಅಂದರೆ ಬರೆಯೋದು, ಚಿತ್ರ, ಬೈಂಡಿಂಗ್, ಮೂರೂ ಒಂದೇ ಅರ್ಜಿಯಲ್ಲಿ. ನಾವು ಪ್ಲೇಸ್‌ಮೆಂಟ್‌ಗೆ ಅಂತ ತಿದ್ದುತ್ತಾ ಕೂರುವ ರೆಸ್ಯೂಮೆಯಲ್ಲಿ ಅಷ್ಟು ನಿಜ ಇರಲ್ಲ ಬಿಡಿ. ಡೇವಿ ಕರೆಸಿ ಮಾತಾಡಿ, ವಿಜ್ಞಾನದಲ್ಲಿ ದುಡ್ಡಿಲ್ಲ, ಬೈಂಡಿಂಗ್ ಬಿಡಬೇಡ ಅಂತ ಬುದ್ಧಿ ಹೇಳಿದರು. ಆದರೆ ಸ್ವಲ್ಪ ದಿನಕ್ಕೇ ಅಲ್ಲಿನ ಸಹಾಯಕ ಜಗಳವಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಫ್ಯಾರಡೆ. ವಾರಕ್ಕೆ 25 ಷಿಲಿಂಗ್, ಮೇಲೆ ಅಟ್ಟದಲ್ಲಿ ಎರಡು ಕೋಣೆ. ಕೆಲಸ ಸಿಕ್ಕಿತಲ್ಲ, ಇನ್ನು ಮುಂದೆ ನಾವೂ ಅವರು ಅಂತಲೇ ಕರೆಯೋಣ.

ಕೆಲಸ ಅಂದರೆ ಬಾಟಲಿ ತೊಳೆಯೋದು, ಉಪನ್ಯಾಸಕರಿಗೆ ಉಪಕರಣ ಜೋಡಿಸಿ ಕೊಡೋದು. ಬೇರೆಯವರಾದರೆ ಬೇಜಾರಾಗುತ್ತಿದ್ದರು. ಫ್ಯಾರಡೆ ಪಕ್ಕದಲ್ಲಿ ನಿಂತು ಉಪನ್ಯಾಸಕರನ್ನೇ ಅಭ್ಯಾಸ ಮಾಡಿದರು. ಆ ಜೂನ್‌ನಲ್ಲಿ ಆಬಟ್‌ಗೆ ಬರೆದ ಸಾಲು ಸಾಲು ಪತ್ರಗಳಲ್ಲಿ ವಿಷಯ ಒಂದೇ: ಒಳ್ಳೆ ಉಪನ್ಯಾಸ ಹೇಗಿರಬೇಕು. ಮಾತಿನ ವೇಗ, ಕೈ ಎಲ್ಲಿಡಬೇಕು, ಜನರಿಗೆ ಬೆನ್ನು ತಿರುಗಿಸಬಾರದು, ಉಪಕರಣ ಮೇಜಿನ ಮೇಲೆ ಹೇಗಿಡಬೇಕು, ಒಂದು ಗಂಟೆಗಿಂತ ಹೆಚ್ಚು ಎಳೆಯಬಾರದು, ಕೋಣೆಗೆ ಗಾಳಿ ಬರುತ್ತಾ ಅಂತ ನೋಡಬೇಕು. ಇಷ್ಟೆಲ್ಲ ಬರೆದಾಗ ಅವರು ಒಂದೂ ಉಪನ್ಯಾಸ ಕೊಟ್ಟಿರಲಿಲ್ಲ! ಮೊದಲ ಸಲ ಮಾತಾಡಿದ್ದು 1816ರ ಜನವರಿಯಲ್ಲಿ, ಅದೇ ಸಿಟಿ ಫಿಲಾಸಫಿಕಲ್ ಸೊಸೈಟಿಯಲ್ಲಿ.

ನಡುವೆ ಒಂದೂವರೆ ವರ್ಷ, 1813ರ ಅಕ್ಟೋಬರಿನಿಂದ 1815ರ ಏಪ್ರಿಲ್‌ವರೆಗೆ, ಡೇವಿ ದಂಪತಿ ಜೊತೆ ಯುರೋಪ್ ಪ್ರವಾಸ. ಪ್ಯಾರಿಸಲ್ಲಿ ಆಂಪಿಯರ್, ಮಿಲಾನಲ್ಲಿ ವೋಲ್ಟಾ, ಫ್ಲಾರೆನ್ಸಲ್ಲಿ ದೊಡ್ಡ ಮಸೂರದಿಂದ ಬಿಸಿಲು ಹಿಡಿದು ವಜ್ರ ಸುಟ್ಟದ್ದು. ಕೇಳೋಕೆ ಚಂದ. ಆದರೆ ಡೇವಿಯವರ ಸೇವಕ ಕೊನೇ ಗಳಿಗೆಯಲ್ಲಿ ಬರಲ್ಲ ಅಂದಿದ್ದರಿಂದ ಆ ಚಾಕರಿಯೂ ಫ್ಯಾರಡೆ ತಲೆಗೇ ಬಂತು. ಡೇವಿಯವರ ಹೆಂಡತಿ ಇವರನ್ನು ಆಳಿನಂತೆಯೇ ನಡೆಸಿಕೊಂಡರು. ಎಲ್ಲ ಬಿಟ್ಟು ವಾಪಸ್ ಹೋಗಿ ಪುಸ್ತಕ ಕಟ್ಟಿಕೊಂಡಿರೋಣ ಅನಿಸುವಷ್ಟು ಅವಮಾನ ಆಗಿದೆ. ಕಲಿಯುವ ಅವಕಾಶ ಹೋಗುತ್ತೆ ಅಂತ ಹಲ್ಲು ಕಚ್ಚಿ ಉಳಿದರು.

ಈಗ ಆ ವ್ಯವಸ್ಥೆಯ ವಿಷಯ. ಸೊಸೈಟಿಯ ಐದಾರು ಗೆಳೆಯರು ಸಂಜೆ ಹೊತ್ತು ಫ್ಯಾರಡೆಯವರ ಅಟ್ಟದಲ್ಲೋ ಮಗ್ರಾತ್ ಅವರ ಗೋದಾಮಿನಲ್ಲೋ ಸೇರುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಉಚ್ಚಾರಣೆ, ವಾಕ್ಯರಚನೆ ಎಲ್ಲಿ ಎಡವಿತು ಅಂತ ಮುಖದ ಮೇಲೇ ಹೇಳಬೇಕು. ಮುಲಾಜು ಇಲ್ಲ. ಇದು ಒಂದು ವಾರದ ವರ್ಕ್‌ಶಾಪ್ ಅಲ್ಲ, ಹಲವು ವರ್ಷ ನಡೀತು. ಇದಲ್ಲದೆ 1818ರಲ್ಲಿ ಬೆಂಜಮಿನ್ ಸ್ಮಾರ್ಟ್ ಎಂಬ ವಾಕ್‌ಕಲೆಯ ಗುರುವಿನ ಉಪನ್ಯಾಸಗಳಿಗೆ ಹೋದರು. ಸಾಲದು ಅಂತ 1823ರಲ್ಲಿ ಅವರ ಹತ್ತಿರ ಖಾಸಗಿ ಪಾಠ, ಒಂದಕ್ಕೆ ಅರ್ಧ ಗಿನಿ, ಅಂದರೆ ಹತ್ತೂವರೆ ಷಿಲಿಂಗ್. ಸೇರಿದಾಗಿನ ವಾರದ ಸಂಬಳ 25 ಷಿಲಿಂಗ್ ಇತ್ತಲ್ಲ, ಅದಕ್ಕೆ ಹೋಲಿಸಿ ನೋಡಿ.

1827ರಿಂದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರದೇ ಉಪನ್ಯಾಸ ಸರಣಿಗಳು ಶುರುವಾದವು. ಆಗಲೂ ಮಗ್ರಾತ್ ಬಂದು ಕೂತು ತಪ್ಪುಗಳ ಪಟ್ಟಿ ಮಾಡುತ್ತಿದ್ದರು. ಆ ಪಟ್ಟಿಯನ್ನು ಫ್ಯಾರಡೆ ಪ್ರತಿ ಸಲ ಥ್ಯಾಂಕ್ಸ್ ಹೇಳಿ ತೆಗೆದುಕೊಳ್ಳುತ್ತಿದ್ದರು. ಎಲ್ಲವನ್ನೂ ಒಪ್ಪಿ ಬದಲಾಯಿಸಿಕೊಂಡರು ಅಂತಲ್ಲ, ಕೆಲವನ್ನು ಬಿಟ್ಟರು. ಆದರೆ ಹೇಳೋದನ್ನು ನಿಲ್ಲಿಸಬೇಡ ಅನ್ನುತ್ತಿದ್ದರು. ಉತ್ಸಾಹ ಬಂದರೆ ಮಾತು ಓಡುವ ಅಭ್ಯಾಸ ಅವರಿಗೆ. ಅದಕ್ಕೆ ನಿಧಾನ ಅಂತ ದಪ್ಪಕ್ಷರದಲ್ಲಿ ಬರೆದ ಚೀಟಿಯೊಂದನ್ನು ಮೇಜಿನ ಮೇಲೆ ಎದುರಿಗಿಟ್ಟುಕೊಳ್ಳುತ್ತಿದ್ದರು. ಮೈಮರೆತು ಅದನ್ನೂ ನೋಡದಿದ್ದರೆ? ಸಹಾಯಕ ಸಾರ್ಜೆಂಟ್ ಆಂಡರ್ಸನ್ ಎದ್ದು ಬಂದು ಅದನ್ನು ಮುಖದೆದುರು ಇಡಬೇಕು ಅಂತ ಅಪ್ಪಣೆ. ಗಂಟೆ ಮುಗಿಯುತ್ತಾ ಬಂದಾಗ ಸಮಯ ಎಂದು ಬರೆದ ಇನ್ನೊಂದು ಚೀಟಿ. ಸಭೆ ತುಂಬ ಜನ, ದೊಡ್ಡ ದೊಡ್ಡವರು. ಅವರೆದುರು ಕೈಕೆಳಗಿನವನು ಬಂದು ಚೀಟಿ ತೋರಿಸುತ್ತಾನೆ. ನಮ್ಮಲ್ಲಿ ಸೆಮಿನಾರ್ ಕೊಡುವಾಗ ಗೆಳೆಯ ಹಿಂದಿನ ಬೆಂಚಿಂದ ಕೈ ಸನ್ನೆ ಮಾಡಿದರೇ ಆಮೇಲೆ ಒಂದು ವಾರ ಮಾತು ಬಿಟ್ಟಿರುತ್ತೇವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಕ್ಲಬ್ಬಿನ ವೇದಿಕೆಯಲ್ಲಿ ಯಾರಾದರೂ ಹಕಾರ, ಅಕಾರ ತಿದ್ದಿದರೆ ಕಿವಿ ಕೆಂಪಾಗುತ್ತೆ. ಅವರಿಗೂ ಆಗಿರಬೇಕು, ಆದರೂ ಚೀಟಿ ಬೇಕು ಅಂದವರು ಅವರೇ.

ಎಲ್ಲ ಟೀಕೆಯೂ ಹೀಗೆ ಗೆಳೆಯರ ಕೈಯಿಂದ ಬರಲಿಲ್ಲ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿ ಕಾಂತಸೂಜಿಯನ್ನು ತಿರುಗಿಸುತ್ತೆ ಅಂತ ತೋರಿಸಿದ ಮೇಲೆ ಯುರೋಪೆಲ್ಲ ಅದೇ ಪ್ರಯೋಗ. ಲಂಡನ್ನಿನ ಹಿರಿಯ ವಿಜ್ಞಾನಿ ವುಲಾಸ್ಟನ್, ಕಾಂತ ಹತ್ತಿರ ತಂದರೆ ತಂತಿ ತನ್ನ ಅಕ್ಷದ ಮೇಲೇ ತಿರುಗಬೇಕು ಅಂತ ಊಹಿಸಿ, 1821ರಲ್ಲಿ ಡೇವಿಯವರ ಲ್ಯಾಬಲ್ಲಿ ಪ್ರಯತ್ನಿಸಿದರು. ಆಗಲಿಲ್ಲ. ಸೆಪ್ಟೆಂಬರ್ 3, 4ರಂದು ಫ್ಯಾರಡೆ ಪಾದರಸದ ಬಟ್ಟಲಲ್ಲಿ ಕಾಂತ ನಿಲ್ಲಿಸಿ, ಮೇಲಿಂದ ತಂತಿ ಇಳಿಬಿಟ್ಟು ವಿದ್ಯುತ್ ಹರಿಸಿದರು. ತಂತಿ ಕಾಂತದ ಸುತ್ತ ಸುತ್ತಿತು. ಇವತ್ತಿನ ಎಲ್ಲ ಮೋಟಾರುಗಳ ಮುತ್ತಜ್ಜ ಅದು. ಕೂಡಲೇ ಲೇಖನ ಬರೆದು ಅಕ್ಟೋಬರಲ್ಲಿ ಪ್ರಕಟಿಸಿದರು. ಅದರಲ್ಲಿ ವುಲಾಸ್ಟನ್ ಹೆಸರಿಲ್ಲ, ಡೇವಿ ಹೆಸರೂ ಇಲ್ಲ. ಬೇರೆಯವರ ಐಡಿಯಾ ಕದ್ದ ಅಂತ ಗುಸುಗುಸು ಶುರುವಾಯ್ತು. ಕಮ್ಮಾರನ ಮಗನಿಗೆ ಮರ್ಯಾದೆ ಬಿಟ್ಟರೆ ಬೇರೆ ಆಸ್ತಿ ಏನಿತ್ತು? ಅದೇ ವರ್ಷ ಜೂನಲ್ಲಿ ಸಾರಾ ಬರ್ನಾರ್ಡ್ ಜೊತೆ ಮದುವೆಯೂ ಆಗಿತ್ತು.

ಅವರು ಬಾಗಿಲು ಹಾಕಿಕೊಂಡು ಕೂರಲಿಲ್ಲ. ನೇರ ವುಲಾಸ್ಟನ್‌ಗೇ ಪತ್ರ ಬರೆದು, ನನ್ನಿಂದ ಏನು ತಪ್ಪಾಗಿದೆ ಹೇಳಿ, ಭೇಟಿಗೆ ಅವಕಾಶ ಕೊಡಿ ಅಂತ ಕೇಳಿಕೊಂಡರು. ಪ್ರಕಟಿಸುವ ಮೊದಲು ನೋಡೋಕೆ ಹೋಗಿದ್ದೆ, ನೀವು ಊರಲ್ಲಿರಲಿಲ್ಲ ಎಂದೂ ತಿಳಿಸಿದರು. ವುಲಾಸ್ಟನ್ ಅದನ್ನು ದೊಡ್ಡದು ಮಾಡಲಿಲ್ಲ, ಆಮೇಲೆ ಅವರೇ ಬಂದು ಪ್ರಯೋಗ ನೋಡಿದರು. ನಮ್ಮ ಅಭಿಪ್ರಾಯ ಕೇಳಿದರೆ, ಪ್ರಯೋಗ ಫ್ಯಾರಡೆಯವರದೇ, ತಂತಿ ತನ್ನ ಸುತ್ತ ತಿರುಗೋದೂ ಕಾಂತದ ಸುತ್ತ ತಿರುಗೋದೂ ಒಂದೇ ಅಲ್ಲ. ಆದರೆ ಹೆಸರು ಬಿಟ್ಟದ್ದು ಸರಿಯಲ್ಲ, ಅದು ಅವರಿಗೂ ಗೊತ್ತಾಯ್ತು. 1823ರಲ್ಲಿ ಯಾರು ಯಾವಾಗ ಏನು ಮಾಡಿದರು ಅಂತ ಪೂರ್ತಿ ವಿವರ ಬರೆದು ಪ್ರಕಟಿಸಿದರು.

ಡೇವಿ ಮಾತ್ರ ಕರಗಲಿಲ್ಲ. ರಾಯಲ್ ಸೊಸೈಟಿಗೆ ಫ್ಯಾರಡೆ ಹೆಸರನ್ನು ಗೆಳೆಯರು ಸೂಚಿಸಿದಾಗ, ಅಧ್ಯಕ್ಷ ಸ್ಥಾನದಲ್ಲಿದ್ದ ಡೇವಿ ಅದನ್ನು ವಾಪಸ್ ತೆಗೆಸು ಅಂದರು. ನಾನು ಹಾಕಿದ್ದಲ್ಲ, ನಾನು ತೆಗೆಯೋಕಾಗಲ್ಲ ಅಂದರು ಫ್ಯಾರಡೆ. 1824ರ ಜನವರಿ 8ರಂದು ಆಯ್ಕೆ ಆಯ್ತು, ವಿರುದ್ಧ ಒಂದೇ ಒಂದು ಮತ. ತಿದ್ದುವ ಟೀಕೆ ಯಾವುದು, ತಡೆಯುವ ಟೀಕೆ ಯಾವುದು ಅನ್ನೋ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನಮಗನಿಸೋದು ಇಲ್ಲಿ. ಆದರೂ ಡೇವಿಯವರ ಬಗ್ಗೆ ಆಮೇಲೂ ಗೌರವದಿಂದಲೇ ಮಾತಾಡಿದರು.

ಮುಂದಿನ ಕೆಲವು ವರ್ಷ ರಾಯಲ್ ಸೊಸೈಟಿಯ ಪರವಾಗಿ ದೂರದರ್ಶಕಕ್ಕೆ ಬೇಕಾದ ಗಾಜು ತಯಾರಿಸುವ ಕೆಲಸದಲ್ಲಿ ಹೋದವು. ಕುಲುಮೆ, ಸೀಸ, ಬೋರಿಕ್ ಆಮ್ಲ, ಎಷ್ಟು ಮಾಡಿದರೂ ಬೇಕಾದಂಥ ಗಾಜು ಬರಲಿಲ್ಲ. 1831ರ ಜುಲೈಯಲ್ಲಿ ಈ ಕೆಲಸ ಸಾಕು ಅಂತ ಬಿಡುಗಡೆ ಕೇಳಿದರು. ಆಗಸ್ಟ್ 29ರಂದು, ಆರು ಇಂಚು ಅಗಲದ ಕಬ್ಬಿಣದ ಉಂಗುರಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದಕ್ಕೆ ಬ್ಯಾಟರಿ ಕೊಟ್ಟರು. ಇನ್ನೊಂದು ಕಡೆಯ ಸೂಜಿ ಅಲ್ಲಾಡಿತು, ನಿಂತಿತು. ಬ್ಯಾಟರಿ ತೆಗೆದಾಗ ಮತ್ತೆ ಅಲ್ಲಾಡಿತು. ಬದಲಾಗುವಾಗ ಮಾತ್ರ! ನಾವು ಲ್ಯಾಬಲ್ಲಿ ಬಳಸೋ ಟ್ರಾನ್ಸ್‌ಫಾರ್ಮರ್ ಅದೇ. ಅಕ್ಟೋಬರಲ್ಲಿ ಸುರುಳಿಯೊಳಗೆ ಕಾಂತ ತೂರಿಸಿ, ಆಮೇಲೆ ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ ವಿದ್ಯುತ್ ತೆಗೆದರು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು ಹುಟ್ಟಿದ್ದೂ ಇದೇ ತತ್ವದಿಂದ.

ಪದಗಳ ವಿಷಯದಲ್ಲೂ ಹಟ ಇರಲಿಲ್ಲ. 1834ರಲ್ಲಿ ವಿದ್ಯುತ್ ವಿಭಜನೆಗೆ ಹೊಸ ಹೆಸರುಗಳು ಬೇಕಾದವು. ತಮ್ಮದೊಂದು ಪಟ್ಟಿ ಮಾಡಿ, ಗ್ರೀಕ್ ಬಲ್ಲ ಕೇಂಬ್ರಿಡ್ಜಿನ ವಿಲಿಯಂ ಹ್ಯೂವೆಲ್‌ಗೆ ಕಳಿಸಿದರು. ಹ್ಯೂವೆಲ್ ಅದನ್ನು ಒಪ್ಪದೆ ಆನೋಡ್, ಕ್ಯಾಥೋಡ್ ಅಂದರು. ಬೇರೆ ಗೆಳೆಯರು ಈ ಪದಗಳಿಗೆ ಮೂಗು ಮುರಿದರು. ಫ್ಯಾರಡೆ ಕಾರಣ ಕೇಳಿ ತಿಳಿದು, ತಮ್ಮ ಪಟ್ಟಿ ಬಿಟ್ಟು ಹ್ಯೂವೆಲ್ ಮಾತನ್ನೇ ಹಿಡಿದರು. ನಾವು ಇವತ್ತಿಗೂ ಬಾಯಿಪಾಠ ಮಾಡುತ್ತಿದ್ದೇವೆ.

ಗಣಿತದ ಕೊರತೆ ಕೊನೆಗೂ ತುಂಬಲಿಲ್ಲ. ಅದರ ಬದಲು ಕೈಲಿದ್ದ ಬಲವನ್ನೇ ಬೆಳೆಸಿದರು. ದಿನಚರಿಯಲ್ಲಿ ಪ್ರತಿ ಪ್ರಯೋಗಕ್ಕೂ ನಂಬರು ಹಾಕಿ ಬರೆದದ್ದು 16,000 ದಾಟಿದೆ, ಫೇಲಾದದ್ದೂ ಸೇರಿ. ಕಾಂತದ ಸುತ್ತ ಕಬ್ಬಿಣದ ಪುಡಿ ಸಾಲುಗಟ್ಟೋದನ್ನು ನೋಡಿ ನೋಡಿ, ಬಲರೇಖೆಗಳು ನಿಜವಾಗಿ ಜಾಗದಲ್ಲಿ ಇವೆ ಅಂದರು. ಗಣಿತ ಬಲ್ಲ ದೊಡ್ಡವರಿಗೆ ಇದು ಹಿಡಿಸಲಿಲ್ಲ. ಇಲ್ಲಿ ಮಾತ್ರ ಫ್ಯಾರಡೆ ಬಗ್ಗಲಿಲ್ಲ, ಕಾರಣ ಅವರ ಪ್ರಯೋಗಗಳು ಬೇರೆ ಹೇಳುತ್ತಿದ್ದವು. 1845ರಲ್ಲಿ ಕಾಂತ ಬೆಳಕಿನ ಧ್ರುವೀಕರಣವನ್ನು ತಿರುಗಿಸುತ್ತೆ ಅಂತ ಕಂಡುಹಿಡಿದಾಗ ಕೆಲಸಕ್ಕೆ ಬಂದದ್ದು ಯಾವ ಗಾಜು ಗೊತ್ತಾ? ದಂಡ ಆಯ್ತು ಅಂದುಕೊಂಡಿದ್ದ ಅದೇ ಹಳೇ ಸೀಸದ ಗಾಜು.

ಆಮೇಲೆ ಬಂದವರು ಮ್ಯಾಕ್ಸ್‌ವೆಲ್, ಫ್ಯಾರಡೆ ಉಂಗುರ ಸುತ್ತಿದ ವರ್ಷ ಹುಟ್ಟಿದ ಹುಡುಗ. ಬಲರೇಖೆಗಳನ್ನು ಗಣಿತಕ್ಕೆ ತಂದು ಲೇಖನ ಕಳಿಸಿದರು. ಅಷ್ಟು ಗಣಿತ ನೋಡಿ ಮೊದಲು ಗಾಬರಿಯೇ ಆಯ್ತು, ಆಮೇಲೆ ತನ್ನ ವಿಷಯ ಅದನ್ನು ತಾಳಿಕೊಂಡದ್ದು ಕಂಡು ಆಶ್ಚರ್ಯವಾಯ್ತು ಅಂತ 1857ರಲ್ಲಿ ಫ್ಯಾರಡೆ ಉತ್ತರ ಬರೆದರು. ಇನ್ನೊಂದು ಪತ್ರದಲ್ಲಿ ಒಂದು ಬೇಡಿಕೆ: ಗಣಿತಜ್ಞರು ತಮ್ಮ ತೀರ್ಮಾನಗಳನ್ನು ಮಾಮೂಲಿ ಮಾತಲ್ಲೂ ಬರೆಯಬಹುದಲ್ಲ, ನಮ್ಮಂಥವರೂ ಅದರ ಮೇಲೆ ಪ್ರಯೋಗ ಮಾಡಬಹುದು. ಅರವತ್ತಾರು ವರ್ಷದ ಜಗದ್ವಿಖ್ಯಾತರು ಇಪ್ಪತ್ತಾರರ ಹುಡುಗನಿಗೆ ನನಗೆ ಅರ್ಥ ಆಗಲ್ಲ, ಬಿಡಿಸಿ ಹೇಳು ಅಂತ ಕೇಳಿದ್ದು ಇದು.

ವಯಸ್ಸಾದಂತೆ ನೆನಪು ಕೈಕೊಡತೊಡಗಿತು. ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಅಂದರೆ ಬೇಡ ಅಂದರು. ಆದರೆ ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧ ಇರಲೇಬೇಕು ಅನ್ನೋ ಹಂಬಲ ಬಿಡಲಿಲ್ಲ. 1859ರಲ್ಲಿ ಲಂಡನ್ನಿನ ಎತ್ತರದ ಗೋಪುರವೊಂದರಲ್ಲಿ ಸೀಸದ ಭಾರ ಏರಿಸಿ ಇಳಿಸಿ ನೋಡಿದರು. ಏನೂ ಕಾಣಲಿಲ್ಲ. ಇಲ್ಲ ಅಂತ ಬಂದ ಆ ಫಲಿತಾಂಶವನ್ನೇ ಬರೆದು 1860ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟರು. ಇದನ್ನು ಪ್ರಕಟಿಸದಿರುವುದೇ ಒಳ್ಳೆಯದು ಅಂತ ಅಲ್ಲಿನ ಸ್ಟೋಕ್ಸ್ ಸಲಹೆ ಕೊಟ್ಟರು, ಫ್ಯಾರಡೆಗಿಂತ 28 ವರ್ಷ ಚಿಕ್ಕವರು. ಫ್ಯಾರಡೆ ವಾದ ಮಾಡದೆ ವಾಪಸ್ ತಗೊಂಡರು. ಅದು ಅವರ ಕೊನೆಯ ಲೇಖನ.

1862ರ ಜೂನ್ 20, ಶುಕ್ರವಾರದ ಸಂಜೆ ಕೊನೆಯ ಉಪನ್ಯಾಸ, ಸೀಮೆನ್ಸ್ ಗ್ಯಾಸ್ ಕುಲುಮೆಯ ಬಗ್ಗೆ. ಇನ್ನು ನೆನಪು ಸಾಲದು, ನಿಲ್ಲಿಸುತ್ತೇನೆ ಅಂತ ಹೇಳೋಕೆ ಟಿಪ್ಪಣಿ ಬರೆದುಕೊಂಡು ಬಂದಿದ್ದರು. ಪ್ರಯೋಗ ಮಾಡುವಾಗ ಆ ಹಾಳೆಗೆ ಬೆಂಕಿ ತಗುಲಿ ಸುಟ್ಟಿತು. ಕೈಯಲ್ಲಿ ಬರೆದದ್ದು ಇಲ್ಲದೆಯೇ ಅವರು ಜನರಿಗೆ ಅದನ್ನು ಹೇಳಿ ಮುಗಿಸಿದರು.